ಕಿರುನಕ್ಷತ್ರದ ಮಗ್ಗುಲಲ್ಲಿ ದೈತ್ಯಗ್ರಹ

ಸೌರಮಂಡಲದ ಪಾಠವನ್ನು ಬೋಧಿಸುವಾಗ ಉಪಾಧ್ಯಾಯರಾದ ನಾವು ಬಹುಕಾಲ ಒಂದು ಕ್ರಮವನ್ನು ಹೇಳುತ್ತ ಬಂದೆವು: ಸೂರ್ಯನ ಸಮೀಪದಲ್ಲಿ ಶಿಲಾಮಯವಾದ ಸಣ್ಣ ಗ್ರಹಗಳು, ದೂರದಲ್ಲಿ ಗುರು ಶನಿಗಳಂತಹ ಅನಿಲದೈತ್ಯಗಳು. ಸೂರ್ಯನ ಮನೆಯ ಮಟ್ಟಿಗೆ ಇದು ನಿಜ. ಇದನ್ನೇ ವಿಶ್ವದ ನಿಯಮವೆಂಬಂತೆ ಕರಿಹಲಗೆಯ ಮೇಲೆ ಬರೆದದ್ದು ಮಾತ್ರ ನಮ್ಮ ತಪ್ಪು. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಅವರು 51 ಪೆಗಾಸಿ ಎಂಬ ನಕ್ಷತ್ರವನ್ನು ನಾಲ್ಕೇ ದಿನಗಳಲ್ಲಿ ಸುತ್ತುವ ದೈತ್ಯಗ್ರಹವೊಂದನ್ನು ಕಂಡುಹಿಡಿದಾಗ ಆ ನಿಯಮ ಸಡಿಲವಾಯಿತು. ಆದರೂ ಆ ನಕ್ಷತ್ರವು ಸೂರ್ಯನನ್ನೇ ಹೋಲುವಂಥದು. ಹೆಚ್ಚು ಗಹನವಾದ ತೊಡಕು ಬಂದದ್ದು ಸಣ್ಣ ನಕ್ಷತ್ರಗಳಿಂದ.

ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಂಪು ಕುಬ್ಜಗಳು. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,800 ಕೆಲ್ವಿನ್ ಇದ್ದರೆ ಇವುಗಳದು 4,000ಕ್ಕಿಂತ ಕಡಿಮೆ. ಇಷ್ಟು ಬಹುಸಂಖ್ಯೆಯಲ್ಲಿದ್ದರೂ ಬರಿಗಣ್ಣಿಗೆ ಒಂದಾದರೂ ಕಾಣುವುದಿಲ್ಲವೆಂಬುದು ವಿಚಿತ್ರವಾದರೂ ಸತ್ಯ.

ನಕ್ಷತ್ರವು ಜನಿಸುವಾಗ ಅದರ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದು ತಿರುಗುತ್ತಿರುತ್ತದೆ. ಆ ಧೂಳು ಕೂಡಿ ಭೂಮಿಯ ಸುಮಾರು ಹತ್ತು ಪಟ್ಟು ದ್ರವ್ಯರಾಶಿಯ ತಿರುಳಾದರೆ, ಅದು ಸುತ್ತಲಿನ ಅನಿಲವನ್ನು ಭರದಿಂದ ಸೆಳೆದುಕೊಂಡು ದೈತ್ಯಗ್ರಹವಾಗುತ್ತದೆ. ಆದರೆ ಈ ಅನಿಲ ಉಳಿಯುವುದು ಕೆಲವೇ ದಶಲಕ್ಷ ವರ್ಷಗಳ ಕಾಲ. ಕಿರುನಕ್ಷತ್ರದ ತಟ್ಟೆಯೂ ಕಿರಿದು. ಅಲ್ಲಿ ತಿರುಳು ಬೆಳೆಯುವ ಗತಿಯೂ ನಿಧಾನ. ಬೊಗಸೆ ಹಿಟ್ಟಿನಲ್ಲಿ ಊರಗಲದ ರೊಟ್ಟಿಯನ್ನು ತಟ್ಟಲಾದೀತೆ? ಆದುದರಿಂದ ಕೆಂಪು ಕುಬ್ಜಗಳ ಬಳಿ ದೈತ್ಯಗಳು ಅತಿವಿರಳವೆಂದು ಸಿದ್ಧಾಂತವು ಸಾರಿತು.

ಆ ಮಾತು ಸುಳ್ಳಾಗಲಿಲ್ಲ. ಪೂರ್ಣ ನಿಜವೂ ಆಗಲಿಲ್ಲ. 1998ರಲ್ಲಿ ಗ್ಲೀಸೆ 876 ಎಂಬ ಕೆಂಪು ಕುಬ್ಜದ ಸುತ್ತ 61 ದಿನಗಳಿಗೊಮ್ಮೆ ತಿರುಗುವ ದೈತ್ಯವು ಪತ್ತೆಯಾಯಿತು. 2017ರಲ್ಲಿ ಚಿಲಿ ದೇಶದ ಪರನಾಲ್‌ನಲ್ಲಿರುವ 12 ಪುಟ್ಟ ದೂರದರ್ಶಕಗಳ ಸಮೂಹವು ಎನ್.ಜಿ.ಟಿ.ಎಸ್.-1 ನಕ್ಷತ್ರದ ಬಳಿ ಇನ್ನೊಂದನ್ನು ಕಂಡಿತು. ಅದರ ವರ್ಷ ಮೂರು ದಿನಗಳಿಗೂ ಕಿರಿದು.

ಕಂಡುಹಿಡಿಯುವ ವಿಧಾನವನ್ನು ತರಗತಿಯಲ್ಲಿಯೇ ತೋರಿಸಬಹುದು. ಸುಲಿದ ತೆಂಗಿನಕಾಯಿಯ ಮುಂದೆ ಒಂದು ಕಡಲೆಕಾಳನ್ನು ಹಿಡಿಯಿರಿ. ಸೂರ್ಯನ ಮುಂದೆ ಗುರುಗ್ರಹವು ಅಡ್ಡ ಹಾಯ್ದಂತೆ ಇದು. ವ್ಯಾಸ ಹತ್ತರಲ್ಲೊಂದು, ಆದ್ದರಿಂದ ಮರೆಯಾಗುವ ಬೆಳಕು ನೂರರಲ್ಲೊಂದು. ಕಾಳಿನ ಬದಲು ನಿಂಬೆಹಣ್ಣನ್ನು ಹಿಡಿದರೆ ಕಿರುನಕ್ಷತ್ರದ ಸ್ಥಿತಿ ತಿಳಿಯುತ್ತದೆ. ಬೆಳಕಿನ ಕುಂದು ದೊಡ್ಡದಾಗುವುದರಿಂದ ಪತ್ತೆ ಸುಲಭವೆನಿಸಬಹುದು. ಆದರೆ ಎರಡು ನಕ್ಷತ್ರಗಳು ಒಂದನ್ನೊಂದು ಮರೆಮಾಡಿದರೂ ಬೆಳಕು ಹೀಗೆಯೇ ಕುಂದುತ್ತದೆ. ಆದಕಾರಣ ನಕ್ಷತ್ರದ ತೂಗಾಟವನ್ನು ರೋಹಿತದಿಂದ ಅಳೆದು ಗ್ರಹದ ದ್ರವ್ಯರಾಶಿಯನ್ನು ನಿಶ್ಚಯಿಸಬೇಕು. ಮಸುಕಾದ ಕೆಂಪು ನಕ್ಷತ್ರಗಳಲ್ಲಿ ಕಷ್ಟವಿರುವುದು ಇಲ್ಲಿಯೇ.

2018ರಲ್ಲಿ ಉಡಾಯಿಸಲ್ಪಟ್ಟ ಟೆಸ್ ಉಪಗ್ರಹವು ಈ ಅನ್ವೇಷಣೆಗೆ ಬಲ ತಂದಿತು. ಶುಭಂ ಕಾನೋಡಿಯಾ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಟಿ.ಓ.ಐ.-5205 ನಕ್ಷತ್ರವು ಸೂರ್ಯನ ಶೇ. 40ರಷ್ಟೂ ಇಲ್ಲ, ಅದರ ಗ್ರಹವೋ ಗುರುವಿನಷ್ಟೇ ದೊಡ್ಡದು. 2025ರಲ್ಲಿ ಎಡ್ವರ್ಡ್ ಬ್ರಯಂಟ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಟಿ.ಓ.ಐ.-6894 ನಕ್ಷತ್ರದ ದ್ರವ್ಯರಾಶಿ ಸೂರ್ಯನ ಐದನೆಯ ಒಂದು ಪಾಲು. ಗಾತ್ರದಲ್ಲಿ ಶನಿಯನ್ನು ಮೀರಿದ, ದ್ರವ್ಯರಾಶಿಯಲ್ಲಿ ಶನಿಯ ಅರ್ಧದಷ್ಟಿರುವ ಗ್ರಹವು ಅದನ್ನು ಮೂರೂ ಕಾಲು ದಿನಗಳಿಗೆ ತುಸು ಹೆಚ್ಚಾದ ಅವಧಿಯಲ್ಲಿ ಸುತ್ತುತ್ತದೆ. ಅಡ್ಡ ಹಾಯುವಾಗ ಬೆಳಕು ಶೇ. 17ರಷ್ಟು ಕುಂದುತ್ತದೆ.

ಈ ಗ್ರಹದಲ್ಲಿ ಭೂಮಿಯ ಸುಮಾರು 12 ಪಟ್ಟು ಭಾರಧಾತುಗಳಿವೆಯೆಂದು ಲೆಕ್ಕ ಹಾಕಲಾಗಿದೆ. ಅಷ್ಟು ಸರಕು ಆ ಚಿಕ್ಕ ತಟ್ಟೆಯಲ್ಲಿ ಎಲ್ಲಿಂದ ಬಂದಿತು? ತಟ್ಟೆಯೇ ತನ್ನ ಗುರುತ್ವದಿಂದ ಒಡೆದು ನೇರವಾಗಿ ಗ್ರಹವಾಯಿತೆಂಬುದು ಒಂದು ಪಕ್ಷ. ಅನಿಲವನ್ನು ಭರದಿಂದ ಸೆಳೆಯುವ ಹಂತಕ್ಕೇರದೆ ಮೆಲ್ಲಮೆಲ್ಲನೆ ಕೂಡಿಸಿಕೊಂಡಿತೆಂಬುದು ಇನ್ನೊಂದು. ಯಾವುದೂ ಪೂರ್ತಿಯಾಗಿ ಒಪ್ಪಿಗೆಯಾಗುವಂತಿಲ್ಲ. ಗ್ರಹದ ಉಷ್ಣತೆ ಸುಮಾರು 420 ಕೆಲ್ವಿನ್; ಇಂತಹ ತಂಪಿನಲ್ಲಿ ಮೀಥೇನ್ ಅನಿಲವಿರಬೇಕೆಂದು ಊಹೆ. ವೆಬ್ ದೂರದರ್ಶಕದಿಂದ ಆ ವಾಯುಮಂಡಲವನ್ನು ಪರೀಕ್ಷಿಸಿದರೆ ಭಾರಧಾತುಗಳು ತಿರುಳಿನಲ್ಲಿ ಅಡಗಿವೆಯೋ ಅನಿಲದಲ್ಲಿ ಬೆರೆತಿವೆಯೋ ಎಂಬುದಕ್ಕೆ ಸುಳಿವು ದೊರೆಯಬಹುದು.