ವಾಹನದ ಅಡಿಯ ಕಲೆ: ಸೋರಿಕೆಯನ್ನು ಗುರುತಿಸುವ ಮತ್ತು ಸರಿಪಡಿಸುವ ಕ್ರಮ



ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಕೂಡಲೇ ಬುಡ ಕೆದಕಿ ನೋಡುತ್ತೇವೆ. ಕಾಫಿ ಗಿಡದ ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಒಳಗೆ ಬಿಳಿ ಕಾಂಡಕೊರಕ ಸೇರಿದೆ ಎಂದು ತಿಳಿಯುತ್ತೇವೆ. ಆದರೆ ಅಂಗಳದಲ್ಲಿ ನಿಂತ ಜೀಪಿನ ಅಡಿಯಲ್ಲಿ ಅಂಗೈ ಅಗಲದ ಕಲೆ ಕಂಡರೆ ಮಾತ್ರ, "ಹಳೇ ಗಾಡಿ, ಸ್ವಲ್ಪ ಎಣ್ಣೆ ಬಿಡುತ್ತದೆ" ಎಂದು ಸುಮ್ಮನಾಗುತ್ತೇವೆ. ಇದು ಸರಿಯಲ್ಲ. ಗಿಡದ ಮೇಲಿನ ಚುಕ್ಕೆಯಂತೆ ವಾಹನದ ಕೆಳಗಿನ ಕಲೆಯೂ ಒಂದು ರೋಗಲಕ್ಷಣವೇ. ಅದನ್ನು ಓದಲು ಬಂದರೆ ಖರ್ಚು ಉಳಿಯುತ್ತದೆ. ಕೆಲವೊಮ್ಮೆ ಪ್ರಾಣವೂ ಉಳಿಯುತ್ತದೆ.

ಅಡಿಕೆ ಮತ್ತು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ವಾಹನಗಳಿಗೆ ಬಿಡುವಿಲ್ಲ. ಕೊನೆ ಸಾಗಿಸಬೇಕು, ಹಣ್ಣು ಸಾಗಿಸಬೇಕು, ಆಳುಗಳನ್ನು ಕರೆತರಬೇಕು, ಮಾಲು ತುಂಬಿಕೊಂಡು ಘಾಟಿ ಇಳಿಯಬೇಕು. ಮಳೆಗಾಲವಿಡೀ ಕೆಸರಿನಲ್ಲಿ ಓಡಾಡಿದ ಅಥವಾ ಶೆಡ್ಡಿನಲ್ಲೇ ನಿಂತಿದ್ದ ವಾಹನವನ್ನು ಈ ಕೆಲಸಕ್ಕೆ ಹಚ್ಚುವ ಮೊದಲು ಒಮ್ಮೆ ಅದರ ಅಡಿಯನ್ನು ಪರೀಕ್ಷಿಸುವುದು ಅವಶ್ಯ. ಹೇಗೆ ಪರೀಕ್ಷಿಸಬೇಕು, ಯಾವ ಸೋರಿಕೆಯನ್ನು ಮನೆಯಲ್ಲೇ ಸರಿಪಡಿಸಬಹುದು, ಯಾವುದಕ್ಕೆ ವಾಹನವನ್ನು ಆ ಕ್ಷಣವೇ ನಿಲ್ಲಿಸಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗೊಬ್ಬರದ ಚೀಲದ ಪರೀಕ್ಷೆ

ಖಾಲಿಯಾದ ಬಿಳಿ ಗೊಬ್ಬರದ ಚೀಲಗಳನ್ನು ಬಿಡಿಸಿ, ತೊಳೆದು ಒಣಗಿಸಿ, ಒಳಮಗ್ಗುಲು ಮೇಲೆ ಬರುವಂತೆ ರಾತ್ರಿ ವಾಹನದ ಅಡಿಯಲ್ಲಿ ಹಾಸಬೇಕು. ಹಳೆಯ ರಟ್ಟಾದರೂ ಆದೀತು. ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು ಇಡಬೇಕು. ನಾಲ್ಕು ಚಕ್ರಗಳ ಸ್ಥಾನವನ್ನೂ ಮುಂಭಾಗ ಯಾವ ಕಡೆ ಎಂಬುದನ್ನೂ ಇದ್ದಿಲಿನಿಂದ ಗುರುತು ಮಾಡಿದರೆ, ಬೆಳಿಗ್ಗೆ ಬಿದ್ದ ಹನಿ ಯಾವ ಭಾಗದ್ದೆಂದು ಸುಲಭವಾಗಿ ತಿಳಿಯುತ್ತದೆ. ವಾಹನ ಓಡಿ ಬಿಸಿಯಾಗಿರುವಾಗಲೇ ತಂದು ನಿಲ್ಲಿಸುವುದು ಉತ್ತಮ. ಬಿಸಿಯಾದ ಎಣ್ಣೆ ತೆಳುವಾಗಿ ಸಣ್ಣ ಸಂದಿನಿಂದಲೂ ಹೊರಬರುತ್ತದೆ.

ಬೆಳಿಗ್ಗೆ ಕಲೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಮೂಸಿ ನೋಡಬೇಕು. ನಾಲಗೆಗೆ ಮಾತ್ರ ಮುಟ್ಟಿಸಕೂಡದು.

1. ಎಂಜಿನ್ ಆಯಿಲ್: ಕಂದು ಅಥವಾ ಕಪ್ಪು, ಜಿಡ್ಡು. ಡೀಸೆಲ್ ಎಂಜಿನ್ನಿನದಾದರೆ ಬೇಗ ಮಸಿಯಂತೆ ಕಪ್ಪಾಗಿರುತ್ತದೆ. ಸಾಮಾನ್ಯವಾಗಿ ಮುಂಭಾಗದ ನಡುವೆ ಬೀಳುತ್ತದೆ.

2. ಗೇರ್ ಆಯಿಲ್: ಇನ್ನೂ ದಪ್ಪ, ಗಂಧಕದ ಘಾಟು ವಾಸನೆ. ಗೇರ್ ಬಾಕ್ಸ್ ಅಡಿಯಲ್ಲಿ, ಹಿಂಭಾಗದ ಹೌಸಿಂಗ್ ಅಡಿಯಲ್ಲಿ ಅಥವಾ ಚಕ್ರದ ಒಳಮಗ್ಗುಲಲ್ಲಿ ಕಾಣುತ್ತದೆ.

3. ಕೂಲೆಂಟ್: ಹಸಿರು, ಗುಲಾಬಿ, ಕಿತ್ತಳೆ ಅಥವಾ ನೀಲಿ ಬಣ್ಣ. ನೀರಿನಂತೆ ಹರಿದರೂ ತುಸು ಅಂಟು, ಸಿಹಿ ವಾಸನೆ.

4. ಪವರ್ ಸ್ಟಿಯರಿಂಗ್ ಆಯಿಲ್: ಹೆಚ್ಚಿನ ವಾಹನಗಳಲ್ಲಿ ಕೆಂಪು, ಹಳತಾದರೆ ಕಂದು.

5. ಬ್ರೇಕ್ ಆಯಿಲ್: ಹೊಸತಾದರೆ ತಿಳಿ ಹಳದಿ, ಹಳತಾದರೆ ಕಂದು. ಬಹಳ ತೆಳು, ಬೆರಳಿಗೆ ಜಾರು. ಚಕ್ರದ ಬಳಿ ಅಥವಾ ಪೆಡಲಿನ ನೇರಕ್ಕೆ ಕಾಣುತ್ತದೆ. ಕ್ಲಚ್ ಆಯಿಲ್ ಕೂಡ ಇದೇ.

6. ಡೀಸೆಲ್, ಪೆಟ್ರೋಲ್: ವಾಸನೆಯೇ ಹೇಳುತ್ತದೆ.

7. ಶುದ್ಧ ನೀರು: ಎ.ಸಿ. ಹಾಕಿ ಓಡಿಸಿದ ವಾಹನದಿಂದ ನೀರು ತೊಟ್ಟಿಕ್ಕುವುದು ಸಹಜ. ಇದಕ್ಕೆ ಚಿಂತೆ ಬೇಡ.

ಎಂಜಿನ್ ಆಯಿಲ್ಲೋ ಬ್ರೇಕ್ ಆಯಿಲ್ಲೋ ಎಂಬ ಸಂಶಯ ಬಂದರೆ ಒಂದು ಸುಲಭ ಉಪಾಯವಿದೆ. ಹಳೆಯ ಗಾಜಿನ ಲೋಟದಲ್ಲಿ ನೀರು ಹಾಕಿ, ಅದಕ್ಕೆ ಕಲೆಯ ಒಂದೆರಡು ಹನಿ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಡೀಸೆಲ್ ಇವು ನೀರಿನ ಮೇಲೆ ತೇಲುತ್ತವೆ. ಬ್ರೇಕ್ ಆಯಿಲ್ ಮತ್ತು ಕೂಲೆಂಟ್ ನೀರಿನಲ್ಲಿ ಕರಗಿ ಬೆರೆಯುತ್ತವೆ. ಹೆಸರಿನಲ್ಲಿ ಆಯಿಲ್ ಎಂದಿದ್ದರೂ ಬ್ರೇಕಿಗೆ ಹಾಕುವ ದ್ರವ ಎಣ್ಣೆಯಲ್ಲ ಎಂಬುದನ್ನು ಇಲ್ಲಿಯೇ ನೆನಪಿಡಬೇಕು. ಪರೀಕ್ಷೆ ಮಾಡಿದ ಲೋಟವನ್ನು ಮತ್ತೆ ಅಡಿಗೆಮನೆಗೆ ಸೇರಿಸಬಾರದು.

ಮೂಲವನ್ನು ಮೇಲಿನಿಂದ ಹುಡುಕಬೇಕು

ಎಣ್ಣೆ ಕೆಳಗೆ ತೊಟ್ಟಿಕ್ಕಿದ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಮೇಲಿನ ಟ್ಯಾಪೆಟ್ ಕವರಿನಿಂದ ಇಳಿದ ಎಣ್ಣೆ ಎಂಜಿನ್ನಿನ ಮೈಮೇಲೆ ಹರಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಚೇಂಬರಿನ ತುದಿಯಲ್ಲಿ ಹನಿಯಾಗುತ್ತದೆ. ಇದನ್ನು ನೋಡಿ ಚೇಂಬರ್ ಇಳಿಸಿ ಪ್ಯಾಕಿಂಗ್ ಬದಲಿಸಿದರೆ ಹಣವೂ ದಂಡ, ಸೋರುವುದೂ ನಿಲ್ಲದು.

ಆದ್ದರಿಂದ ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಹಳೆಯ ಜಿಡ್ಡು, ಧೂಳುಗಳನ್ನೆಲ್ಲ ತೊಳೆದು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಬಳಿಕ ನಾಲ್ಕಾರು ಮೈಲಿ ಓಡಿಸಿ ತಂದು, ಟಾರ್ಚಿನ ಬೆಳಕಿನಲ್ಲಿ ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಒದ್ದೆಯಾಗಿರುವ ಅತ್ಯಂತ ಎತ್ತರದ ಜಾಗವೇ ಸಾಮಾನ್ಯವಾಗಿ ಸೋರಿಕೆಯ ಮೂಲ.

ಎಂಜಿನ್ ಆಯಿಲ್ ಸೋರಿಕೆ

ಇದರಲ್ಲಿ ಬಹುಪಾಲು ಸಣ್ಣ ದೋಷಗಳೇ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಬಿರುಸಾಗಿದ್ದರೆ ಹೊಸತು ಹಾಕಬೇಕು. ಬೋಲ್ಟುಗಳನ್ನು ಬಲ ಹಾಕಿ ಬಿಗಿದರೆ ಸೋರಿಕೆ ನಿಲ್ಲುತ್ತದೆಂದು ತಿಳಿಯುವುದು ತಪ್ಪು. ಅತಿಯಾಗಿ ಬಿಗಿದರೆ ತಗಡಿನ ಕವರು ಬಾಗಿ, ಪ್ಯಾಕಿಂಗ್ ಹಿಸುಕಿ ಹೊರಬಂದು ಸೋರಿಕೆ ಹೆಚ್ಚಾಗುತ್ತದೆ. ಆಯಿಲ್ ಬದಲಿಸಿದ ಮಾರನೆಯ ದಿನವೇ ಸೋರತೊಡಗಿದರೆ ಡ್ರೇನ್ ಬೋಲ್ಟಿನ ವಾಷರನ್ನೂ ಫಿಲ್ಟರನ್ನೂ ನೋಡಬೇಕು. ವಾಷರ್ ಪ್ರತಿ ಸಲವೂ ಹೊಸತಾಗಿರಬೇಕು. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರ್ ಕೂತಿದ್ದರೆ ಎಣ್ಣೆ ಖಂಡಿತ ಸೋರುತ್ತದೆ.

ಹಲವು ಕಡೆ ಒಟ್ಟಿಗೆ ಎಣ್ಣೆ ಬರುತ್ತಿದ್ದರೆ ಎಂಜಿನ್ನಿನ ಉಸಿರುಕೊಳವೆ ಕಟ್ಟಿದೆಯೇ ಎಂದು ನೋಡಿ. ಒಳಗಿನ ಒತ್ತಡಕ್ಕೆ ದಾರಿ ಇಲ್ಲದಿದ್ದರೆ ಅದು ಸೀಲುಗಳನ್ನು ನೂಕಿಕೊಂಡು ಹೊರಬರುತ್ತದೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವಲ್ಲಿ ಎಣ್ಣೆ ಇಳಿಯುತ್ತಿದ್ದರೆ ಅದು ಹಿಂದಿನ ಆಯಿಲ್ ಸೀಲಿನದಾಗಿರಬಹುದು. ಇದಕ್ಕೆ ಗೇರ್ ಬಾಕ್ಸ್ ಇಳಿಸಬೇಕಾಗುವುದರಿಂದ ಮೆಕ್ಯಾನಿಕರಿಗೇ ಬಿಡಬೇಕು. ತಿಂಗಳಿಗೆ ನಾಲ್ಕು ಹನಿಯಾದರೆ ಡಿಪ್‌ಸ್ಟಿಕ್ ನೋಡುತ್ತ ಕೊಯ್ಲು ಮುಗಿಯುವವರೆಗೆ ಕಾಯಬಹುದು. ಆದರೆ ಎಣ್ಣೆ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಹೊಗೆಯಾಡುತ್ತಿದ್ದರೆ ಕಾಯಕೂಡದು, ಬೆಂಕಿಯ ಅಪಾಯವಿದೆ.

ಹೌಸಿಂಗ್ ಮತ್ತು ಕೆಸರು

ಮಲೆನಾಡಿನ ವಾಹನಗಳಿಗೆ ವಿಶೇಷವಾದ ಒಂದು ತೊಂದರೆಯನ್ನು ಇಲ್ಲಿ ಹೇಳಬೇಕು. ಹಿಂದಿನ ಹೌಸಿಂಗಿನ ಮೇಲೂ ಒಂದು ಸಣ್ಣ ಉಸಿರುರಂಧ್ರವಿರುತ್ತದೆ. ಮಳೆಗಾಲದ ಕೆಸರು ಒಣಗಿ ಇದು ಮುಚ್ಚಿಹೋದರೆ, ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಗೇರ್ ಆಯಿಲ್ಲನ್ನು ಚಕ್ರದ ಸೀಲುಗಳ ಮೂಲಕ ಹೊರದೂಡುತ್ತದೆ. ಆ ಎಣ್ಣೆ ಬ್ರೇಕ್ ಲೈನರಿಗೆ ತಾಗಿದರೆ ಬ್ರೇಕ್ ಹಿಡಿಯದು. ಸೀಲ್ ಬದಲಿಸುವ ಮುನ್ನ ಈ ರಂಧ್ರವನ್ನು ಶುಚಿ ಮಾಡಬೇಕು. ಇಲ್ಲವಾದರೆ ಹೊಸ ಸೀಲೂ ಉಳಿಯದು. ಎಣ್ಣೆ ಕುಡಿದ ಲೈನರನ್ನು ಒರೆಸಿ ಮತ್ತೆ ಹಾಕಬಾರದು, ಬದಲಿಸಬೇಕು.

ಹಳ್ಳ ದಾಟುವ ವಾಹನಗಳಲ್ಲಿ ಬಿಸಿ ಹೌಸಿಂಗ್ ತಟ್ಟನೆ ತಣಿದು ನೀರನ್ನು ಒಳಗೆಳೆದುಕೊಳ್ಳುವುದುಂಟು. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಪೂರ್ತಿ ಬದಲಿಸಬೇಕು. ಎಂಜಿನ್ ಆಯಿಲ್ಲಿಗೆ ಈ ಬಣ್ಣ ಬಂದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಸೇರಿರುವ ಸಂಭವ ಹೆಚ್ಚು. ವಾಹನವನ್ನು ಓಡಿಸದೆ ಮೆಕ್ಯಾನಿಕರನ್ನು ಕರೆಸಬೇಕು.

ಕೂಲೆಂಟ್ ಸೋರಿಕೆ

ಹೋಸ್ ಪೈಪಿನ ತುದಿಯಲ್ಲಿ ಒದ್ದೆ ಇದ್ದರೆ ಕ್ಲಿಪ್ ಬಿಗಿಯಬೇಕು. ಪೈಪ್ ಉಬ್ಬಿದ್ದರೆ, ಹಿಸುಕಿದಾಗ ಬಿರುಕು ಕಂಡರೆ ಬದಲಿಸಬೇಕು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿ ಬರುತ್ತಿದ್ದರೆ ಒಳಗಿನ ಸೀಲ್ ಸವೆದಿದೆ ಎಂಬ ಸೂಚನೆ. ಆ ತೂತನ್ನು ಎಂಸೀಲ್ ಹಾಕಿ ಮುಚ್ಚಬಾರದು. ಪಂಪನ್ನು ದುರಸ್ತಿ ಮಾಡಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡದಲ್ಲಿ ಕುದಿಯುತ್ತಿರುವ ನೀರು ಮುಖಕ್ಕೇ ಚಿಮ್ಮುತ್ತದೆ.

ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಅಂಗಳದ ನಾಯಿ, ಕರುಗಳು ನೆಕ್ಕಿದರೆ ಸಾಯುತ್ತವೆ. ಬಿದ್ದ ಕೂಡಲೇ ಮಣ್ಣು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ತೆಗೆಯಬೇಕು.

ಇಂಧನ ಸೋರಿಕೆ

ಪೆಟ್ರೋಲ್ ಸೋರುತ್ತಿದ್ದರೆ ಸ್ಟಾರ್ಟ್ ಮಾಡಬಾರದು, ಹತ್ತಿರ ಬೀಡಿ ಸೇದಬಾರದು. ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಡೀಸೆಲ್ ಅತಿ ಹೆಚ್ಚು ಒತ್ತಡದಲ್ಲಿರುತ್ತದೆ. ಎಂಜಿನ್ ಓಡುತ್ತಿರುವಾಗ ಪೈಪುಗಳ ಮೇಲೆ ಕೈಯಾಡಿಸಿ ಸೋರಿಕೆ ಹುಡುಕಿದರೆ ಆ ಸಣ್ಣ ಧಾರೆ ಚರ್ಮವನ್ನು ಸೀಳಿ ಒಳಹೊಗಬಹುದು. ಇದನ್ನು ತರಬೇತಿ ಪಡೆದವರೇ ಮಾಡಲಿ.

ಕಾಯದ ಸೋರಿಕೆ: ಬ್ರೇಕ್ ಆಯಿಲ್

ಮೇಲೆ ಹೇಳಿದವುಗಳಲ್ಲಿ ಹಲವಕ್ಕೆ ನಾಲ್ಕು ದಿನ ಕಾಯಬಹುದು. ಬ್ರೇಕ್ ಆಯಿಲ್ ಸೋರಿಕೆಗೆ ಒಂದು ದಿನದ ಅವಧಿಯೂ ಇಲ್ಲ. ಆಗುಂಬೆ, ಚಾರ್ಮಾಡಿ, ಬಾಳೆಬರೆ, ಶಿರಾಡಿ ಯಾವ ಘಾಟಿಯೇ ಆಗಲಿ, ಇಳಿಯುವಾಗ ಪೆಡಲ್ ನೆಲಕ್ಕೆ ಹೋದರೆ ಆಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾರ್ಗ. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಹೋಗುತ್ತವೆ. ಎರಡು ಮಾರ್ಗಗಳಿರುವ ಈಗಿನ ವಾಹನಗಳಲ್ಲಿ ಅರ್ಧ ಬ್ರೇಕ್ ಉಳಿಯಬಹುದು. ಆದರೆ ಮಾಲು ತುಂಬಿದ ಗಾಡಿಯನ್ನು ತಿರುವಿನಲ್ಲಿ ನಿಲ್ಲಿಸಲು ಅಷ್ಟು ಸಾಲದು.

ಈ ಸೋರಿಕೆ ನೆಲದ ಮೇಲೆ ಕಲೆಯಾಗಿ ಕಾಣಲೇಬೇಕೆಂದಿಲ್ಲ. ನಮ್ಮ ಸದಸ್ಯರೊಬ್ಬರ ಪಿಕಪ್ ವಾಹನದಲ್ಲಿ ಚಾಲಕನು ವಾರಕ್ಕೊಮ್ಮೆ ಬ್ರೇಕ್ ಆಯಿಲ್ ತುಂಬಿಸುತ್ತ ಬಂದಿದ್ದ. ಕೆಳಗೆ ಹನಿ ಇಲ್ಲದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಬ್ರೇಕ್ ಒತ್ತಿದಾಗ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆಂದು ಹಿಂದಿನ ಡ್ರಮ್ ಬಿಚ್ಚಿಸಿದಾಗ, ವೀಲ್ ಸಿಲಿಂಡರಿನ ರಬ್ಬರ್ ಸವೆದು ಆಯಿಲ್ಲೆಲ್ಲ ಡ್ರಮ್ಮಿನ ಒಳಗೇ ಸೇರಿತ್ತು. ಮರುವಾರ ಅದೇ ವಾಹನ ಹನ್ನೊಂದು ಮಂದಿ ಕೊಯ್ಲಿನ ಆಳುಗಳನ್ನು ಕರೆತರಲು ಘಟ್ಟದ ಕೆಳಗೆ ಹೋಗುವುದಿತ್ತು. ಆಯಿಲ್ ತುಂಬಿಸುವುದು ದುರಸ್ತಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಲೈನರ್ ಸವೆದಂತೆ ಮಟ್ಟ ನಿಧಾನವಾಗಿ ತುಸು ಇಳಿಯುವುದು ಸಹಜ. ಪದೇ ಪದೇ ತುಂಬಿಸಬೇಕಾದರೆ ಅದು ಸೋರಿಕೆಯೇ.

ಆದ್ದರಿಂದ ವಾರಕ್ಕೊಮ್ಮೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಬೇಕು. ನಾಲ್ಕೂ ಚಕ್ರಗಳ ಒಳಮಗ್ಗುಲು ಒಣಗಿದೆಯೇ ನೋಡಬೇಕು. ಹೊರಡುವ ಮುನ್ನ ಪೆಡಲನ್ನು ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ಅದು ಮೆಲ್ಲನೆ ಕೆಳಗಿಳಿಯುತ್ತ ಹೋದರೆ, ಸ್ಪಂಜಿನಂತೆ ಮೆತ್ತಗಾದರೆ ವಾಹನವನ್ನು ರಸ್ತೆಗಿಳಿಸಬಾರದು.

ದುರಸ್ತಿಯಲ್ಲಿ ಮೂರು ವಿಷಯ ಗಮನಿಸತಕ್ಕದ್ದು. ಒಂದು, ಬ್ರೇಕ್ ಡಬ್ಬಿಗೆ ಎಂಜಿನ್ ಆಯಿಲ್ಲನ್ನಾಗಲಿ ಸ್ಟಿಯರಿಂಗ್ ಆಯಿಲ್ಲನ್ನಾಗಲಿ ಒಂದು ಚಮಚೆಯಷ್ಟೂ ಹಾಕಬಾರದು. ಒಳಗಿನ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಎರಡು, ಸೋರುವ ಪೈಪನ್ನು ಬಡಿದು ಮಡಚಿ ಮುಚ್ಚುವುದು, ಬೆಸುಗೆ ಹಾಕುವುದು ಕೂಡದು. ಹೊಸ ಪೈಪನ್ನೇ ಹಾಕಿಸಬೇಕು. ಮೂರು, ದುರಸ್ತಿಯ ಬಳಿಕ ಮಾರ್ಗದಲ್ಲಿ ಸೇರಿದ ಗಾಳಿಯನ್ನು ಪೂರ್ತಿ ತೆಗೆಸಬೇಕು. ಈ ಕೆಲಸವನ್ನು ನಂಬಿಗಸ್ತ ಮೆಕ್ಯಾನಿಕರಿಂದಲೇ ಮಾಡಿಸಿ, ನಾವು ಪಕ್ಕದಲ್ಲಿ ನಿಂತು ನೋಡುವುದು ಲೇಸು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿದ ಮೇಲೆ ಸುಮಾರು 140 ಡಿಗ್ರಿಗೇ ಕುದಿಯಬಹುದು. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಆವಿಯಾದರೆ, ಸೋರಿಕೆ ಇಲ್ಲದಿದ್ದರೂ ಪೆಡಲ್ ಕುಸಿಯುತ್ತದೆ. ನಮ್ಮ ಮಳೆ ನಾಡಿನಲ್ಲಿ ತೆರೆದಿಟ್ಟ ಡಬ್ಬಿಯ ಆಯಿಲ್ ಬಳಸಬಾರದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಬೇಕು.

ಅಡಿಗೆ ಇಳಿಯುವ ಮುನ್ನ

ಬರಿಯ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಕೂಡದು. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಕಬ್ಬಿಣದ ಸ್ಟ್ಯಾಂಡನ್ನಾಗಲಿ ಗಟ್ಟಿ ಮರದ ದಿಮ್ಮಿಗಳನ್ನಾಗಲಿ ಆಧಾರ ಕೊಡಬೇಕು. ಇಟ್ಟಿಗೆ, ಮುರಕಲ್ಲು, ಸಿಮೆಂಟ್ ಬ್ಲಾಕುಗಳು ಭಾರಕ್ಕೆ ತಟ್ಟನೆ ಒಡೆಯುತ್ತವೆ.

ಇಳಿಸಿದ ಹಳೆಯ ಎಣ್ಣೆಯನ್ನು ಕಪ್ಪಿಗೆ ಅಥವಾ ಹಳ್ಳಕ್ಕೆ ಚೆಲ್ಲಬಾರದು. ಆ ನೀರೇ ನಮ್ಮ ಕೆಳಗಿನ ಮನೆಯವರ ಬಾವಿಗೂ ತೋಟಕ್ಕೂ ಹೋಗುವುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೇ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಮರುಬಳಕೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ಸದಸ್ಯರು ಈ ವಾರವೇ ಒಂದು ರಾತ್ರಿ ಚೀಲ ಹಾಸಿ ನೋಡಬೇಕೆಂದು ಕೋರುತ್ತೇವೆ. ಜೊತೆಗೆ ಚಾಲಕನನ್ನು ಒಂದು ಮಾತು ಕೇಳಿ: "ಬ್ರೇಕ್ ಆಯಿಲ್ ಕಡೆಯ ಸಲ ಯಾವಾಗ ತುಂಬಿಸಿದೆ?" ಉತ್ತರ "ಮೊನ್ನೆ ತಾನೆ" ಎಂದಾದರೆ, ಅದಕ್ಕೂ ಹಿಂದೆ ಯಾವಾಗ ಎಂದು ಕೇಳಿ. ಎರಡರ ನಡುವೆ ಕೆಲವೇ ವಾರಗಳಿದ್ದರೆ ಮಾಲು ಒಂದು ದಿನ ತಡವಾಗಲಿ, ವಾಹನ ಮೊದಲು ಗ್ಯಾರೇಜಿಗೆ ಹೋಗಲಿ.