ಗಲಭೆಯೂ ಅಂಗಡಿಯ ಗಲ್ಲವೂ

ಪ್ರವಾಸಿಗಳನ್ನು ನಂಬಿದ ಊರಿನಲ್ಲಿ ಗಲಭೆಯಾದರೆ ವ್ಯಾಪಾರ ಏನಾಗುವುದೆಂಬುದನ್ನು ನಾವು ಡಾರ್ಜಿಲಿಂಗಿನಿಂದ ತಿಳಿಯಬಹುದು. 2017ರಲ್ಲಿ ಗೂರ್ಖಾಲ್ಯಾಂಡ್ ಬೇಡಿಕೆಗಾಗಿ ಅಲ್ಲಿ 104 ದಿನ ಬಂದ್ ನಡೆಯಿತು. ಜೂನ್ ತಿಂಗಳಲ್ಲೇ ಪ್ರವಾಸಿಗಳು ಬೆಟ್ಟ ಇಳಿದರು. ಪುಟ್ಟ ರೈಲು ನಿಂತಿತು. ಒಳ್ಳೆಯ ಬೆಲೆ ತರುವ ಎರಡನೆಯ ಕೊಯ್ಲಿನ ಚಹಾ ಗಿಡದಲ್ಲೇ ಬಲಿತು ಹಾಳಾಯಿತು.

ಹೋಟೆಲು ಮುಚ್ಚಿದರೆ ಹಾಲಿನವನು, ತರಕಾರಿಯವನು, ಅಗಸ, ಜೀಪಿನ ಚಾಲಕ ಒಬ್ಬರ ಹಿಂದೊಬ್ಬರು ಕೈಕಟ್ಟಿ ಕೂರಬೇಕು. ಇಂದು ಮಾರದ ಬಟ್ಟೆಯನ್ನು ನಾಳೆ ಮಾರಬಹುದು. ನಿನ್ನೆ ಖಾಲಿ ಉಳಿದ ಕೋಣೆಯ ಬಾಡಿಗೆ ಮತ್ತೆ ಬಾರದು. ಸಾಲದ ಬಡ್ಡಿಗೆ ಮಾತ್ರ ಬಂದ್ ಇಲ್ಲ. ಬಂದ್ ಮುಗಿದರೂ ಪ್ರವಾಸಿಯ ಅಂಜಿಕೆ ಬೇಗ ಮುಗಿಯದು.

ಬೇಡಿಕೆ ಸರಿಯೋ ತಪ್ಪೋ ಎಂಬ ವಿಚಾರ ಬೇರೆ. ಕೈಯಲ್ಲಿ ನಾಲ್ಕು ಕಾಸಿನ ಗಂಟಿಲ್ಲದವನೇ ಮೊದಲು ಬೆಲೆ ತೆರುತ್ತಾನೆ. ದುಡಿದು ಉಣ್ಣುವ ನಾವು ಇದನ್ನು ಮರೆಯಬಾರದು.