ಯಾರೂ ಬಿತ್ತದ ಬೆಳೆ

ಭತ್ತ ಬೆಳೆಯೋದು ಹೇಗೆ ಅಂತ ನಿಮಗೆ ಗೊತ್ತು. ಗದ್ದೆ ಉಳಬೇಕು. ನಾಟಿ ಮಾಡಬೇಕು. ಕಳೆ ಕೀಳಬೇಕು. ಇದು ಯಾವುದೂ ಇಲ್ಲದೆ ಕಾಳು ಕೊಡುವ ಒಂದು ಹುಲ್ಲು ಇದೆ. ಅದು ಬೆಳೆಯೋದು ನೀರಿನಲ್ಲಿ!

ಈ ಹುಲ್ಲು ಅಮೆರಿಕ ದೇಶದ್ದು. ಅಲ್ಲಿನ ಮಿನ್ನೆಸೋಟ ರಾಜ್ಯದ ಕೆರೆಗಳಲ್ಲಿ, ನಿಧಾನವಾಗಿ ಹರಿಯುವ ಹೊಳೆಗಳಲ್ಲಿ ಬೆಳೆಯುತ್ತೆ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ‘ಮನೂಮಿನ್’ ಅಂತಾರೆ. ಬೇರೆಯವರು ಕಾಡು ಭತ್ತ ಅಂತಾರೆ. ಇದು ನಮ್ಮ ಭತ್ತದ ನೆಂಟ. ಆದರೆ ಅದೇ ಜಾತಿಯಲ್ಲ.

ಈ ಗಿಡದ ಆಯಸ್ಸು ಒಂದೇ ವರ್ಷ. ಮಾಗಿದ ಕಾಳು ನೀರಿಗೆ ಉದುರುತ್ತೆ. ಕೆಸರಲ್ಲಿ ಸೇರುತ್ತೆ. ಚಳಿಗಾಲದಲ್ಲಿ ಕೆರೆಯ ಮೇಲೆ ಮಂಜುಗಡ್ಡೆ ಕಟ್ಟುತ್ತೆ. ಚಳಿ ಕಳೆದ ಮೇಲೆ ಕಾಳು ಮೊಳೆಯುತ್ತೆ.

ಆಗಸ್ಟ್ ಕೊನೆಗೆ ಸುಗ್ಗಿ. ಒಂದು ದೋಣಿಯಲ್ಲಿ ಇಬ್ಬರು ಹೋಗುತ್ತಾರೆ. ಒಬ್ಬರು ಉದ್ದನೆಯ ಗಳ ಊರಿ ದೋಣಿ ನಡೆಸುತ್ತಾರೆ. ಇನ್ನೊಬ್ಬರ ಕೈಯಲ್ಲಿ ಎರಡು ಹಗುರವಾದ ಕೋಲು. ಒಂದು ಕೋಲಿನಿಂದ ತೆನೆ ಬಾಗಿಸುತ್ತಾರೆ. ಇನ್ನೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಮಾಗಿದ ಕಾಳು ದೋಣಿಗೆ ಬೀಳುತ್ತೆ. ಒಂದಷ್ಟು ನೀರಿಗೂ ಬೀಳುತ್ತೆ. ಅದು ನಷ್ಟ ಅಲ್ಲ. ಅದೇ ಮುಂದಿನ ವರ್ಷದ ಬಿತ್ತನೆ!

ಗಿಡ ಮುರಿಯಬಾರದು ಅಂತ ಅಲ್ಲಿ ಕಾನೂನೂ ಇದೆ. ಕೋಲು 30 ಅಂಗುಲಕ್ಕಿಂತ ಉದ್ದ ಇರಬಾರದು. ಮೋಟಾರ್ ದೋಣಿ ಕೂಡದು.

ತಂದ ಕಾಳನ್ನು ಒಣಗಿಸಿ, ಹುರಿದು, ತುಳಿದು, ಹೊಟ್ಟು ತೂರುತ್ತಾರೆ.

ಆದರೆ ಈ ಹುಲ್ಲು ಈಗ ಕೆಲವು ಕಡೆ ಕಡಿಮೆಯಾಗಿದೆ. ಯಾಕೆ? ಎಳೆ ಗಿಡದ ಎಲೆ ನೀರಿನ ಮೇಲೆ ತೇಲುತ್ತಿರುತ್ತೆ. ಆಗ ನೀರು ಒಮ್ಮೆಲೇ ಏರಿದರೆ ಬೇರು ಕಿತ್ತು ಬರುತ್ತೆ. ಅಣೆಕಟ್ಟು ಕಟ್ಟಿ ನೀರು ಏರಿಸಿದ ಕಡೆ ಹೀಗಾಯಿತು. ಗಣಿಯಿಂದ ಬರುವ ನೀರಿನಲ್ಲಿ ಸಲ್ಫೇಟ್ ಎಂಬ ಲವಣ ಇರುತ್ತೆ. ಅದು ಕೆಸರಿನಲ್ಲಿ ಬದಲಾಗಿ ಬೇರಿಗೆ ವಿಷವಾಗುತ್ತೆ. ಅದಕ್ಕೆ 1973ರಲ್ಲಿ ಸರ್ಕಾರ ಒಂದು ಮಿತಿ ಹಾಕಿತು. ಈ ಹುಲ್ಲು ಬೆಳೆಯುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು ಸಲ್ಫೇಟ್ ಇರಬಾರದು. 2018ರಲ್ಲಿ ಒಜಿಬ್ವೆ ಜನರ ಒಂದು ಪಂಗಡ ತಾವೇ ಕಾನೂನು ಮಾಡಿತು. ಮನೂಮಿನ್‌ಗೂ ಬದುಕುವ ಹಕ್ಕಿದೆ ಅಂತ ಬರೆದುಕೊಂಡಿತು.

ಈ ಬೆಳೆಗೆ ಬಿತ್ತುವವರು ಬೇಡ. ನೀರು ಕಾಯುವವರು ಬೇಕು.

ಹೇಳಿ ನೋಡೋಣ:
1. ನೀರಿಗೆ ಬಿದ್ದ ಕಾಳು ಯಾಕೆ ನಷ್ಟ ಅಲ್ಲ?
2. ನೀರು ಒಮ್ಮೆಲೇ ಏರಿದರೆ ಎಳೆ ಗಿಡ ಏನಾಗುತ್ತೆ?
3. ನಿಮ್ಮೂರಿನ ಕೆರೆಗೆ ಎಲ್ಲೆಲ್ಲಿಯ ನೀರು ಬಂದು ಸೇರುತ್ತೆ? ಎಲ್ಲರೂ ಕೂತು ಮಾತಾಡಿ.